‘ಹಿ ಗೋ’ ಅಂದರೆ ಕೋಪ ಯಾಕೆ? ಇಂಗ್ಲಿಷ್ ಕಲಿಸುವವರ ಪ್ರಶ್ನೆಗಳಿಗೆ ಉತ್ತರ

ಮನೆಮಾತು ಕನ್ನಡವಾಗಿರುವ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದರ ಬಗ್ಗೆ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇನೆ. ಹಲವರು ಒಂದೇ ಸಂಗತಿ ಕೇಳಿದ್ದರೆ ಅವುಗಳಲ್ಲಿ ಒಂದು ಪತ್ರವನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಕೆಳಗಿನ ತರಗತಿಯಿಂದಲೂ ಹೇಳಿಕೊಟ್ಟ ‘ಹಿ ಗೋಸ್’ ಇವತ್ತಿಗೂ ‘ಹಿ ಗೋ’ ಆಗಿಯೇ ಉಳಿದಿದೆ. ನಿಯಮ ಕೇಳಿದರೆ ಪಟಪಟನೆ ಹೇಳುತ್ತಾರೆ, ಬರೆಯಲು ಕೊಟ್ಟರೆ ಮತ್ತದೇ ತಪ್ಪು. ನೋಟ್‌ಬುಕ್ಕುಗಳೆಲ್ಲ ಕೆಂಪಾಗಿವೆ. ನನ್ನ ಪಾಠದಲ್ಲೇ ಏನೋ ಕೊರತೆಯಿದೆಯೇ?
*— ಸರ್ಕಾರಿ ಪ್ರೌಢಶಾಲಾ ಶಿಕ್ಷಕಿ, ಸಿಂಧನೂರು ತಾಲ್ಲೂಕು*

ಉತ್ತರ: ಆ ಒಂದಕ್ಷರ ಎಲ್ಲ ದೇಶದ ಇಂಗ್ಲಿಷ್ ಮೇಷ್ಟ್ರುಗಳನ್ನೂ ಕಾಡಿದೆ ಮೇಡಂ, ನಿಮ್ಮೊಬ್ಬರನ್ನೇ ಅಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಹೈಡಿ ಡ್ಯುಲೇ ಮತ್ತು ಮರೀನಾ ಬರ್ಟ್ ಅಮೆರಿಕದಲ್ಲಿದ್ದ ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳ ಇಂಗ್ಲಿಷನ್ನು ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಗುಂಪಿನ ಮಕ್ಕಳು ವ್ಯಾಕರಣದ ತುಣುಕುಗಳನ್ನು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಕೈವಶ ಮಾಡಿಕೊಳ್ಳುತ್ತಿದ್ದರು. ‘ಗೋಯಿಂಗ್’ನ ‘ಇಂಗ್’ ಬೇಗ ಬರುತ್ತಿತ್ತು, ‘ಗೋಸ್’ನ ‘ಎಸ್’ ಬಹಳ ತಡವಾಗಿ. ‘ಹಿ’ ಎಂದಾಗಲೇ ಯಾರ ಮಾತು ಎನ್ನುವುದು ಗೊತ್ತಾಗಿಬಿಡುತ್ತದೆ. ಆಮೇಲೆ ಬರುವ ‘ಎಸ್’ ಹೊಸದೇನನ್ನೂ ಹೇಳುವುದಿಲ್ಲ. ನಮ್ಮ ಕನ್ನಡದಲ್ಲಿ ಹಾಗಲ್ಲ. ‘ಅವಳು’ ಬಿಟ್ಟು ಬರೀ ‘ಹೋಗ್ತಾಳೆ’ ಅಂದರೂ ಸಾಕು, ಪ್ರತ್ಯಯವೇ ಎಲ್ಲ ಕೆಲಸ ಮಾಡುತ್ತದೆ. ಕೆಲಸವಿಲ್ಲದ ಪ್ರತ್ಯಯ ಮಕ್ಕಳ ಕಣ್ಣಿಗೆ ಬೀಳುವುದು ಕೊನೆಗೆ.

ಮನೆಮಾತಿನ ಪಾತ್ರ ಏನೂ ಇಲ್ಲ ಎಂದು ಇದರರ್ಥವಲ್ಲ. ನಿಮ್ಮ ಮಕ್ಕಳು ‘ಟೂ ಬುಕ್’ ಎಂದು ಬರೆಯುತ್ತಾರಲ್ಲ, ಅದು ನೇರ ಕನ್ನಡದಿಂದ ಬಂದದ್ದು. ‘ಎರಡು ಪುಸ್ತಕ ಕೊಡು’ ಅನ್ನುವಲ್ಲಿ ‘ಪುಸ್ತಕಗಳು’ ಬೇಕಾಗುವುದಿಲ್ಲ, ಎರಡು ಎಂದ ಮೇಲೆ ಮುಗಿಯಿತು. ‘ಐ ಡೋಂಟ್ ನೋ ವೇರ್ ಈಸ್ ಹಿ’ ಎಂಬುದೂ ಹಾಗೆಯೇ. ‘ಅವನು ಎಲ್ಲಿದ್ದಾನೆ’ ಎಂಬ ಪ್ರಶ್ನೆಯನ್ನು ಕನ್ನಡ ಒಂದು ‘ಅಂತ’ ಸೇರಿಸಿ ಇಡಿಯಾಗಿ ಒಳಗೆ ಕೂರಿಸುತ್ತದೆ. ಇಂಗ್ಲಿಷ್ ಪದಗಳ ಜಾಗವನ್ನೇ ಬದಲಿಸಿ ಎನ್ನುತ್ತದೆ.

ಪಿಟ್ ಕಾರ್ಡರ್ 1967ರಲ್ಲಿ ಬರೆದ ಒಂದು ಲೇಖನದಿಂದ ಈ ಚರ್ಚೆಯ ದಿಕ್ಕೇ ಬದಲಾಯಿತು. ಬಾಯಿತಪ್ಪಿನಿಂದ ಆಗುವುದು ಬೇರೆ, ಕಲಿಯುವವನ ಒಳಗಿನ ಲೆಕ್ಕಾಚಾರದಿಂದ ಹುಟ್ಟುವುದು ಬೇರೆ ಎಂದು ಅವರು ವಿಂಗಡಿಸಿದರು. ಎರಡನೆಯದು ಮಗು ಎಲ್ಲಿಯವರೆಗೆ ಬಂದಿದೆ ಎಂದು ಮೇಷ್ಟ್ರಿಗೆ ತಿಳಿಸುತ್ತದೆ. 1972ರಲ್ಲಿ ಲ್ಯಾರಿ ಸೆಲಿಂಕರ್ ಈ ನಡುವಿನ ಸ್ಥಿತಿಗೆ ಒಂದು ಹೆಸರು ಕೊಟ್ಟರು, ಕನ್ನಡದಲ್ಲಿ ‘ಅಂತರಭಾಷೆ’ ಅನ್ನಬಹುದು. ಅದು ಪೂರ್ತಿ ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ, ಆದರೆ ಅದಕ್ಕೂ ಒಂದು ಕಟ್ಟುಪಾಡು ಇದೆ. ನಿನ್ನೆಯವರೆಗೆ ‘ವೆಂಟ್’ ಎನ್ನುತ್ತಿದ್ದ ಹುಡುಗ ಇವತ್ತು ‘ಗೋಡ್’ ಎಂದರೆ ಹಿಂದೆ ಬಿದ್ದ ಎಂದುಕೊಳ್ಳಬೇಡಿ. ಭೂತಕಾಲಕ್ಕೆ ‘ಡ್’ ಹಚ್ಚಬೇಕು ಎಂಬ ನಿಯಮವನ್ನು ಅವನೇ ಕಂಡುಹಿಡಿದಿದ್ದಾನೆ. ಬಾಯಿಪಾಠದಿಂದ ಬಂದ ‘ವೆಂಟ್’ಗಿಂತ ಈ ‘ಗೋಡ್’ ನನಗೆ ಹೆಚ್ಚು ಭರವಸೆ ಕೊಡುತ್ತದೆ.

ಇನ್ನು ತಿದ್ದುವ ಮಾತು. ಕೆನಡಾದ ಫ್ರೆಂಚ್ ತರಗತಿಗಳನ್ನು ಗಮನಿಸಿದ ರಾಯ್ ಲಿಸ್ಟರ್ ಮತ್ತು ಲೀಲಾ ರಾಂಟಾ 1997ರಲ್ಲಿ ಒಂದು ಸಂಗತಿ ತೋರಿಸಿದರು. ಮಗುವಿನ ತಪ್ಪು ವಾಕ್ಯವನ್ನು ಸರಿಮಾಡಿ ತಾವೇ ಹೇಳಿಬಿಡುವುದು ಮೇಷ್ಟ್ರುಗಳಿಗೆ ಬಲು ಇಷ್ಟ. ಆದರೆ ಅಂಥ ತಿದ್ದುಪಡಿಗೆ ಮಕ್ಕಳು ಪ್ರತಿಕ್ರಿಯಿಸುವುದೇ ಕಡಿಮೆ. ಬದಲಿಗೆ ‘ಏನಂದೆ? ಇನ್ನೊಮ್ಮೆ ಹೇಳು’ ಎಂದು ಮಗುವಿನ ಬಾಯಿಂದಲೇ ಹೊರಡಿಸಿದರೆ ಅದು ನಿಂತು ಯೋಚಿಸುತ್ತದೆ. ಬರವಣಿಗೆಗೂ ಇದನ್ನೇ ಹಚ್ಚಿ. ಒಂದು ವಾರ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ. ಸರಿಯುತ್ತರ ಬರೆಯಬೇಡಿ, ಕೆಳಗೊಂದು ಗೆರೆ ಎಳೆದು ಬಿಡಿ. ಉಳಿದದ್ದರ ಕಡೆ ಕಣ್ಣು ಹಾಯಿಸಬೇಡಿ. ತಪಾಸಣೆಗೆ ಬಂದವರು ‘ತಿದ್ದಿಲ್ಲವಲ್ಲ’ ಎಂದರೆ ಈ ಪುಟ ತೋರಿಸಿ.

ಪ್ರಶ್ನೆ: ಮಗಳು ಎರಡನೇ ತರಗತಿ, ಇಂಗ್ಲಿಷ್ ಮೀಡಿಯಂ. ‘ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ’ ಎಂದು ಮಿಸ್ ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಅತ್ತೆಯವರಿಗಂತೂ ಬರುವುದೇ ಇಲ್ಲ. ಈಗೀಗ ಮಗಳು ಅಜ್ಜಿಯ ಹತ್ತಿರ ಮಾತನ್ನೇ ಕಡಿಮೆ ಮಾಡಿದ್ದಾಳೆ.
*— ಗೃಹಿಣಿ, ತುಮಕೂರು*

ಉತ್ತರ: ಡೈರಿಯ ಆ ಸಾಲನ್ನು ಪಾಲಿಸಬೇಡಿ.

ಆ ಟೀಚರ್ ಕೆಟ್ಟ ಮನಸ್ಸಿನಿಂದ ಬರೆದಿರಲಾರರು. ತಲೆಯಲ್ಲಿ ಇರುವುದು ಒಂದೇ ಡಬ್ಬಿ, ಅದರಲ್ಲಿ ಕನ್ನಡ ತುಂಬಿದಷ್ಟೂ ಇಂಗ್ಲಿಷಿಗೆ ಜಾಗ ಕಡಿಮೆ ಎಂಬ ನಂಬಿಕೆ ಬಹಳ ಜನರಿಗಿದೆ. ಕೆನಡಾದ ಜಿಮ್ ಕಮಿನ್ಸ್ ಈ ನಂಬಿಕೆಯನ್ನು 1979ರಿಂದಲೇ ಪ್ರಶ್ನಿಸುತ್ತ ಬಂದರು. ಓದಿದ್ದರಲ್ಲಿ ಮುಖ್ಯವಾದದ್ದು ಯಾವುದೆಂದು ಗುರುತಿಸುವುದು, ಕಾರಣ ಕೊಡುವುದು, ಕಥೆಯ ಮುಂದಿನ ತಿರುವನ್ನು ಊಹಿಸುವುದು, ಇವೆಲ್ಲ ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ಒದಗುತ್ತವೆ. ಅಜ್ಜಿಯ ಕಥೆ ಕೇಳಿ ‘ಹುಲಿ ಯಾಕೆ ನಂಬಿತು?’ ಎಂದು ಕೇಳುವ ಹುಡುಗಿ ಇಂಗ್ಲಿಷ್ ಪಾಠದಲ್ಲೂ ಅದೇ ಪ್ರಶ್ನೆ ಕೇಳುತ್ತಾಳೆ.

ಕಮಿನ್ಸ್ ಹೇಳಿದ ಇನ್ನೊಂದು ಸಂಗತಿಯನ್ನು ಅಪ್ಪ-ಅಮ್ಮಂದಿರು ತಿಳಿದಿರಬೇಕು. ಹೊರದೇಶದಿಂದ ಕೆನಡಾಕ್ಕೆ ಬಂದ ಮಕ್ಕಳು ಆಟದ ಮೈದಾನದ ಇಂಗ್ಲಿಷನ್ನು ಸುಮಾರು 2 ವರ್ಷಗಳಲ್ಲಿ ಕಲಿತರೂ, ವಿಜ್ಞಾನ, ಸಮಾಜ ಪಾಠಗಳ ಇಂಗ್ಲಿಷಿನಲ್ಲಿ ಓರಗೆಯವರ ಸಮಕ್ಕೆ ಬರಲು 5ರಿಂದ 7 ವರ್ಷ ಹಿಡಿಯುತ್ತಿತ್ತು. ಹೊರಗೆ ಕಾಲಿಟ್ಟರೆ ಇಂಗ್ಲಿಷೇ ಕೇಳಿಸುವ ದೇಶದ ಕಥೆ ಇದು. ತುಮಕೂರಿನಲ್ಲಿ ‘ಮೇ ಐ ಕಮ್ ಇನ್ ಮಿಸ್’ ಎಂದು ಸೊಗಸಾಗಿ ಹೇಳುವ ಮಗು ಪಾಠವನ್ನೂ ಅರ್ಥ ಮಾಡಿಕೊಂಡಿದೆ ಎಂದು ತಿಳಿಯುವುದು ದುಡುಕು. ಮಗಳು ಶಾಲೆಯಿಂದ ಬಂದಾಗ ‘ಇವತ್ತು ಸೈನ್ಸ್‌ನಲ್ಲಿ ಏನು ಹೇಳಿಕೊಟ್ರು, ಅಜ್ಜಿಗೆ ಹೇಳು’ ಅನ್ನಿ. ಕನ್ನಡದಲ್ಲಿ ವಿವರಿಸಲು ಬಂದರೆ ಪಾಠ ತಲೆಗೆ ಹೋಗಿದೆ. ಬರದಿದ್ದರೆ ಟೀಚರನ್ನು ಕಾಣಬೇಕಾದದ್ದು ಅದಕ್ಕಾಗಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಕಾಲದಲ್ಲಿ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಅರೆದು ಕುಡಿದೆವು, ತರ್ಜುಮೆ ಮಾಡಿದೆವು, ಇಂಗ್ಲಿಷ್ ಬಂತು. ಈಗ ಆಟ, ಚಟುವಟಿಕೆ, ಕಾರ್ಡು ಎಂದು ಹೊತ್ತು ಕಳೆಯುತ್ತಾರೆ. ಇದೆಲ್ಲ ವಿದೇಶದ ಸರಕಲ್ಲವೇ?
*— ಶಿರಸಿ*

ಉತ್ತರ: ಮೇಷ್ಟ್ರೇ, ನಿಮಗೆ ಇಂಗ್ಲಿಷ್ ಬಂತು, ನಿಜ. ನಿಮ್ಮ ತರಗತಿಯಲ್ಲಿ ಅದೇ ವ್ಯಾಕರಣ ಓದಿ, ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ನಪಾಸಾಗಿ ಓದು ಬಿಟ್ಟವರು ಎಷ್ಟು ಜನ? ಅವರು ಪತ್ರಿಕೆಗಳಿಗೆ ಪತ್ರ ಬರೆಯುವುದಿಲ್ಲ. ಇನ್ನೊಂದು ಅನುಮಾನ: ವ್ಯಾಕರಣದ ಜೊತೆ ನೀವು ಇಂಗ್ಲಿಷ್ ಪತ್ರಿಕೆ, ಕಾದಂಬರಿಗಳನ್ನೂ ಓದಿರಬೇಕು. ಕೀರ್ತಿ ಪೂರ್ತಿ ರೆನ್ ಅಂಡ್ ಮಾರ್ಟಿನ್‌ಗೆ ಹೋಯಿತು.

ವಿದೇಶಿ ಸರಕು ಎಂದಿರಲ್ಲ, ಅದಕ್ಕೆ ಸ್ವಲ್ಪ ದೀರ್ಘವಾಗಿ ಉತ್ತರಿಸಬೇಕು. ಇಂದು ಜಗತ್ತಿನಾದ್ಯಂತ ಶಿಕ್ಷಕರ ತರಬೇತಿಯಲ್ಲಿ ಓದಿಸುವ ‘ಬೆಂಗಳೂರು ಪ್ರಾಜೆಕ್ಟ್’ ಎಂಬುದೊಂದಿದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಮತ್ತವರ ಸಂಗಡಿಗರು, ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ, ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಅದು. ಅಲ್ಲಿದ್ದದ್ದು ಹವಾನಿಯಂತ್ರಿತ ಕೋಣೆಗಳಲ್ಲ, ಬೆಂಚು ತುಂಬಿದ ತರಗತಿಗಳು. ವ್ಯಾಕರಣದ ಪಟ್ಟಿಯಾಗಲಿ, ಪದಗಳ ಪಟ್ಟಿಯಾಗಲಿ ಅವರ ಪಠ್ಯಕ್ರಮದಲ್ಲಿ ಇರಲಿಲ್ಲ. ದಿನಕ್ಕೊಂದು ಸಮಸ್ಯೆ ಇರುತ್ತಿತ್ತು. ರೈಲಿನ ವೇಳಾಪಟ್ಟಿ ಮುಂದಿಟ್ಟು ಇಂಥ ಹೊತ್ತಿಗೆ ಇಂಥ ಊರು ಸೇರಬೇಕಾದರೆ ಯಾವ ಗಾಡಿ ಹಿಡಿಯಬೇಕು ಎಂದು ಕೇಳುವುದು, ನಕ್ಷೆ ನೋಡಿ ದಾರಿ ಹೇಳುವುದು, ಇಂಥವು. ಮೊದಲು ಮೇಷ್ಟ್ರು ಇಡೀ ತರಗತಿಯೊಡನೆ ಅಂಥದ್ದೇ ಒಂದು ಸಮಸ್ಯೆಯನ್ನು ಇಂಗ್ಲಿಷಿನಲ್ಲಿ ಮಾತಾಡುತ್ತ ಬಿಡಿಸುವುದು, ಆಮೇಲೆ ಮಕ್ಕಳು ಇನ್ನೊಂದನ್ನು ಒಬ್ಬೊಬ್ಬರೇ ಬಿಡಿಸುವುದು. ಮನಸ್ಸು ಅರ್ಥದ ಬೆನ್ನು ಹತ್ತಿ ಹೋಗುತ್ತಿರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ಪಂಥ.

ಅವರದು ಮುಲಾಜಿಲ್ಲದ ಲೆಕ್ಕ. ಅರ್ಧ ತರಗತಿಯಾದರೂ ಅರ್ಧ ಕೆಲಸವನ್ನಾದರೂ ಸರಿಯಾಗಿ ಮಾಡಿದರೆ ಸಮಸ್ಯೆಯ ಮಟ್ಟ ಸರಿಯಿದೆ ಎಂದರ್ಥ. ಗುಂಪು ಚಟುವಟಿಕೆಯ ಮೇಲೆ ಅವರಿಗೆ ಅಂಥ ಒಲವೂ ಇರಲಿಲ್ಲ. ಮಕ್ಕಳು ಪರಸ್ಪರರಿಂದ ಕೇಳುವುದು ಅರೆಬರೆ ಇಂಗ್ಲಿಷ್, ಮೇಷ್ಟ್ರ ಮಾತೇ ಅವರಿಗೆ ಸಿಗುವ ಒಳ್ಳೆಯ ಇಂಗ್ಲಿಷ್ ಎನ್ನುತ್ತಿದ್ದರು. ಅಂದರೆ, ನೀವು ಸಿಟ್ಟಾಗಿರುವ ಕಾರ್ಡಿನಾಟಗಳ ವಿಷಯದಲ್ಲಿ ಪ್ರಭು ಅರ್ಧ ನಿಮ್ಮ ಪಕ್ಷವೇ.

ಕೊನೆಗೆ ಆ್ಯಲನ್ ಬೆರೆಟ್ಟಾ ಮತ್ತು ಆ್ಯಲನ್ ಡೇವಿಸ್ ಮೌಲ್ಯಮಾಪನ ಮಾಡಿದರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆ ಪದ್ಧತಿಯ ತರಗತಿಗಳು ಮುಂದಿದ್ದವು. ಕೇಳಿ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ, ಉಕ್ತಲೇಖನದಲ್ಲಿ ಪ್ರಯೋಗದ ತರಗತಿಗಳು ಮುಂದಿದ್ದವು. ಯಾವುದನ್ನು ಅಭ್ಯಾಸ ಮಾಡಿಸುತ್ತೇವೋ ಅದು ಬರುತ್ತದೆ. ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬುವುದಷ್ಟೇ ಬೇಕಿದ್ದರೆ ನಿಮ್ಮ ಪದ್ಧತಿ ಸಾಕು. ಬ್ಯಾಂಕಿನ ಫಾರಂ ಓದಿ ಅರ್ಥ ಮಾಡಿಕೊಳ್ಳಬೇಕಿದ್ದರೆ ಸಾಲದು.

ಹಾಗೆಂದು ವ್ಯಾಕರಣವನ್ನು ಅಟ್ಟಕ್ಕೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಕೇಳಿ, ಓದಿ, ಅರ್ಧ ಹಿಡಿತಕ್ಕೆ ಬಂದ ಮೇಲೆ ನಿಯಮ ಹೇಳಿದರೆ ಹುಡುಗರು ‘ಓ, ಹೀಗಾ!’ ಅನ್ನುತ್ತಾರೆ. ಮೊದಲೇ ಹೇಳಿದರೆ ಆಕಳಿಸುತ್ತಾರೆ. ಈ ವಿಷಯದಲ್ಲಿ ಪ್ರಭು ಅವರಿಗಿಂತ ನಾನು ಸ್ವಲ್ಪ ನಿಮ್ಮ ಕಡೆಗೇ ವಾಲುತ್ತೇನೆ.

ಪ್ರಶ್ನೆ: ನಲಿ-ಕಲಿ ತರಗತಿಯಲ್ಲಿ ಕೆಲವು ಮಕ್ಕಳು ಇಂಗ್ಲಿಷ್ ಅವಧಿಯಲ್ಲಿ ತಿಂಗಳಾದರೂ ಬಾಯಿ ಬಿಡುವುದಿಲ್ಲ. ಕನ್ನಡದಲ್ಲಿ ಮಾತಿನ ಮಲ್ಲಿಯರು. ಇವರಿಗೆ ಏನು ಮಾಡಲಿ?
*— ಶಿಕ್ಷಕ, ಗುಂಡ್ಲುಪೇಟೆ*

ಉತ್ತರ: ಕಾಯಿರಿ. ಕನ್ನಡ ಮಾತಾಡುವ ಮೊದಲು ಅವರು ಒಂದು ವರ್ಷಕ್ಕೂ ಹೆಚ್ಚು ಕಾಲ ಬರೀ ಕೇಳಿದ್ದರು. ಆಗ ಯಾರೂ ಗಾಬರಿಯಾಗಿರಲಿಲ್ಲ. ಎರಡನೇ ಭಾಷೆಯ ಮಕ್ಕಳಲ್ಲೂ ಇಂಥ ಮೌನದ ಅವಧಿ ಸಹಜ. ಬಾಯಿ ಮುಚ್ಚಿದ ಮಗುವಿಗೆ ಅರ್ಥವಾಗುತ್ತಿದೆಯೇ ಎಂದು ತಿಳಿಯಲು ದಾರಿಯಿದೆ. ಜೇಮ್ಸ್ ಆ್ಯಶರ್ 1960ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಮಾಡಿ ತೋರಿಸುತ್ತಾರೆ: ‘ಸ್ಟ್ಯಾಂಡ್ ಅಪ್’, ‘ಟಚ್ ದ ಡೋರ್’, ‘ಪುಟ್ ದ ಸ್ಟೋನ್ ಅಂಡರ್ ದ ಬೆಂಚ್’. ಕಲ್ಲನ್ನು ಬೆಂಚಿನ ಕೆಳಗೇ ಇಟ್ಟ ಮಗುವಿಗೆ ‘ಅಂಡರ್’ ಬಂದಂತೆಯೇ. ‘ಹೇಳು, ಹೇಳು’ ಎಂದು ಎಲ್ಲರೆದುರು ನಿಲ್ಲಿಸಿದರೆ ಇನ್ನೆರಡು ತಿಂಗಳು ಸೇರಿಸಿಕೊಳ್ಳಿ.

ಪ್ರಶ್ನೆ: ಇಂಗ್ಲಿಷ್ ಪಾಠದಲ್ಲಿ ಒಂದು ಪದವೂ ಕನ್ನಡ ಬಳಸಬಾರದು ಎಂದು ತರಬೇತಿಯಲ್ಲಿ ಹೇಳಿದರು. ಹೌದೇ?
*— ಹಲವರು*

ಉತ್ತರ: ಅಲ್ಲ. 1967ರಲ್ಲೇ ವೇಲ್ಸಿನ ಸಿ. ಜೆ. ಡಾಡ್ಸನ್ ದ್ವಿಭಾಷಾ ಪದ್ಧತಿಯ ಬಗ್ಗೆ ಪುಸ್ತಕ ಬರೆದರು. ವಾಕ್ಯದ ಅರ್ಥವನ್ನು ಒಂದು ಸಲ ಮನೆಮಾತಿನಲ್ಲಿ ಹೇಳಿ, ಉಳಿದ ಹೊತ್ತನ್ನೆಲ್ಲ ಇಂಗ್ಲಿಷ್ ಅಭ್ಯಾಸಕ್ಕೆ ಉಳಿಸಿಕೊಳ್ಳುವುದು ಅವರ ಉಪಾಯ. ‘ಬಟ್ ಸಡನ್ಲಿ’ಯನ್ನು ಅಭಿನಯಿಸಿ ತೋರಿಸಲು ಐದು ನಿಮಿಷ ಕುಣಿಯುವ ಬದಲು ‘ಆದರೆ ಇದ್ದಕ್ಕಿದ್ದಂತೆ’ ಅಂದುಬಿಡಿ. ಆದರೆ ಇಡೀ ಪಾಠವನ್ನು ಸಾಲು ಸಾಲಾಗಿ ಕನ್ನಡ ಮಾಡಿ ಹೇಳುವುದು ಬೇಡ. ಆಗ ಮಕ್ಕಳು ಇಂಗ್ಲಿಷ್ ಸಾಲಿಗೆ ಕಿವಿಗೊಡದೆ ನಿಮ್ಮ ಕನ್ನಡಕ್ಕಾಗಿ ಕಾಯುತ್ತಾರೆ. ದಿನಾ ಹೇಳುವ ಮಾತುಗಳು, ಪುಸ್ತಕ ತೆಗೆಯಿರಿ, ಕಿಟಕಿ ಹಾಕು, ಯಾರು ಬಂದಿಲ್ಲ, ಇವು ಮಾತ್ರ ಇಂಗ್ಲಿಷಿನಲ್ಲೇ ಇರಲಿ. ನಮ್ಮ ಎಷ್ಟೋ ಮಕ್ಕಳಿಗೆ ಅರ್ಥಸಹಿತವಾಗಿ ಸಿಗುವ ಮಾತಿನ ಇಂಗ್ಲಿಷ್ ಅಷ್ಟೇ.

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ, ಓದಿದ್ದೆಲ್ಲ ಕನ್ನಡ ಮಾಧ್ಯಮ. ಟೆನ್ಸ್, ವಾಯ್ಸ್ ಎಲ್ಲ ಗೊತ್ತು. ಬೆಂಗಳೂರಿನಲ್ಲಿ ಇಂಟರ್‌ವ್ಯೂಗೆ ಕೂತರೆ ಬಾಯಿ ಕಟ್ಟುತ್ತದೆ. ನನ್ನ ಉಚ್ಚಾರ ಕೇಳಿ ನಕ್ಕದ್ದೂ ಇದೆ. ಯಾವ ಆ್ಯಪ್ ಒಳ್ಳೆಯದು?
*— ಮಂಡ್ಯ*

ಉತ್ತರ: ಆ್ಯಪ್ ಹೇಳುವುದಿಲ್ಲ, ಕಾರಣ ಹೇಳುತ್ತೇನೆ. ಸ್ಟೀಫನ್ ಕ್ರಾಶೆನ್ 1982ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಓದಿ ತಿಳಿದ ನಿಯಮ ಮಾತಿನಲ್ಲಿ ಕಾವಲುಗಾರನಷ್ಟೇ ಎಂದರು. ಆಡಲಿರುವ ವಾಕ್ಯವನ್ನು ತಡೆದು ತಪಾಸಣೆ ಮಾಡುವುದು ಅದರ ಕೆಲಸ. ಅದಕ್ಕೆ ನಿಯಮ ಗೊತ್ತಿರಬೇಕು, ರೂಪದ ಮೇಲೆ ಗಮನ ಇರಬೇಕು, ಪುರುಸೊತ್ತೂ ಇರಬೇಕು. ಇಂಟರ್‌ವ್ಯೂನಲ್ಲಿ ಪುರುಸೊತ್ತು ಎಲ್ಲಿಯದು? ಭಯವಾದರೆ ಕೇಳಿದ ಮಾತೂ ಒಳಗೆ ಹೋಗುವುದಿಲ್ಲ ಎಂದೂ ಅವರು ಹೇಳಿದ್ದಾರೆ. ಆದರೆ ಅರ್ಥವಾಗುವ ಇಂಗ್ಲಿಷನ್ನು ಕೇಳುತ್ತ ಓದುತ್ತ ಇದ್ದರೆ ಸಾಕು, ಮಾತು ತಾನೇ ಬರುತ್ತದೆ ಎಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೆನಡಾದಲ್ಲಿ ವರ್ಷಗಟ್ಟಲೆ ಫ್ರೆಂಚ್ ಮಾಧ್ಯಮದಲ್ಲಿ ಓದಿ, ಎಲ್ಲ ಅರ್ಥವಾಗಿಯೂ ಮಾತಿನಲ್ಲಿ ತಡವರಿಸುವ ಮಕ್ಕಳನ್ನು ನೋಡಿ ಮೆರಿಲ್ ಸ್ವೇನ್ 1985ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಆಡಿದಾಗಲೇ ನಮಗೆ ಎಲ್ಲಿ ತಡೆಯಾಗುತ್ತಿದೆ ಎಂದು ತಿಳಿಯುವುದು.

ಒಬ್ಬ ಗೆಳೆಯನನ್ನೋ ತಂಗಿಯನ್ನೋ ಕೂರಿಸಿಕೊಂಡು, ನಿಮ್ಮೂರಿನ ಸಂತೆಯ ಬಗ್ಗೆ ನಾಲ್ಕು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ. ಅದನ್ನೇ ಇನ್ನೊಬ್ಬರಿಗೆ ಮೂರು ನಿಮಿಷದಲ್ಲಿ, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳಿ. ಜನ ಸಿಗದಿದ್ದರೆ ಮೊಬೈಲಿಗೆ ರೆಕಾರ್ಡ್ ಮಾಡಿ. ಭಾಷಾ ಶಿಕ್ಷಕರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಭ್ಯಾಸ ಇದು. ಏನು ಹೇಳಬೇಕು ಎಂಬುದು ಮೊದಲ ಸಲವೇ ಇತ್ಯರ್ಥವಾಗುವುದರಿಂದ ನಾಲಿಗೆ ಸಡಿಲಾಗುತ್ತದೆ. ಬಾಯಿಪಾಠ ಮಾಡಿದ ‘ಸೆಲ್ಫ್ ಇಂಟ್ರೊಡಕ್ಷನ್’ ಮಾತ್ರ ಬೇಡ. ಎದುರು ಕೂತವರಿಗೆ ಮೊದಲ ಸಾಲಿಗೇ ಗೊತ್ತಾಗುತ್ತದೆ.

ಉಚ್ಚಾರದ ಬಗ್ಗೆ: ಲಂಡನ್ನಿನವರಂತೆ ಮಾತಾಡಬೇಕಾಗಿಲ್ಲ, ಕೇಳಿದವರಿಗೆ ತಿಳಿದರಾಯಿತು. ಬೇರೆಬೇರೆ ದೇಶದವರು ಇಂಗ್ಲಿಷಿನಲ್ಲಿ ಮಾತಾಡುವಾಗ ಎಲ್ಲಿ ಗೊಂದಲವಾಗುತ್ತದೆ ಎಂದು ನೋಡಿದ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಬರೆದ ಪುಸ್ತಕದಲ್ಲಿ, ‘ದಿಸ್’, ‘ಥಿಂಕ್’ಗಳ ಮೊದಲ ಧ್ವನಿ ತುಸು ಬೇರೆಯಾದರೂ ಅರ್ಥ ಕೆಡುವುದಿಲ್ಲ, ಸ್ವರದ ಹ್ರಸ್ವ ದೀರ್ಘ ಕೆಟ್ಟರೆ ಕೆಡುತ್ತದೆ ಎಂದು ತೋರಿಸಿದರು. ನಮಗೆ ಅದು ವರ. ‘ಶಿಪ್’, ‘ಶೀಪ್’ ವ್ಯತ್ಯಾಸಕ್ಕೆ ಎಷ್ಟೋ ದೇಶದವರು ಒದ್ದಾಡುತ್ತಾರೆ, ಹ್ರಸ್ವ ದೀರ್ಘಗಳು ಕನ್ನಡಿಗನ ಬಾಯಲ್ಲೇ ಇವೆ. ನೀವು ಗಮನಿಸಬೇಕಾದವು ಬೇರೆ. ಹಳೇ ಮೈಸೂರು ಸೀಮೆಯಲ್ಲಿ ‘ಹಾಲು’ ‘ಆಲು’ ಆಗುವಂತೆ ‘ಹೋಮ್’ ‘ಓಮ್’ ಆಗದಿರಲಿ. ‘ಎಗ್’ ‘ಯೆಗ್’ ಆಗದಿರಲಿ. ‘ಬ್ಯಾಂಕ್’ನ ಕೊನೆಗೆ ಉಕಾರ ಸೇರದಿರಲಿ. ಇಷ್ಟನ್ನು ತಿಂಗಳೊಪ್ಪತ್ತು ನಿಗಾ ಇಟ್ಟು ತಿದ್ದಿಕೊಳ್ಳಬಹುದು. ನಕ್ಕವರ ವಿಷಯ ಬಿಡಿ, ಅವರಿಗೆ ನಿಮ್ಮಷ್ಟು ಕನ್ನಡ ಬರುತ್ತದೋ ಇಲ್ಲವೋ.

ಪ್ರಶ್ನೆ: ನಮ್ಮದು ಹಿರಿಯ ಪ್ರಾಥಮಿಕ ಶಾಲೆ. ದಾನಿಯೊಬ್ಬರು ಇಂಗ್ಲಿಷ್ ಕಲಿಕೆಗೆಂದು ಸ್ವಲ್ಪ ಹಣ ಕೊಡುತ್ತೇನೆ ಎಂದಿದ್ದಾರೆ. ಸ್ಮಾರ್ಟ್ ಟಿವಿ ತರಲೇ, ಸ್ಪೋಕನ್ ಇಂಗ್ಲಿಷ್ ಮೇಷ್ಟ್ರನ್ನು ಕರೆಸಲೇ?
*— ಮುಖ್ಯ ಶಿಕ್ಷಕಿ, ಹಾವೇರಿ ಜಿಲ್ಲೆ*

ಉತ್ತರ: ಎರಡೂ ಬೇಡ, ಕಥೆ ಪುಸ್ತಕ ತನ್ನಿ.

ಫಿಜಿ ದ್ವೀಪಗಳ ಹಳ್ಳಿ ಶಾಲೆಗಳಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ನಡೆಸಿದ ಪ್ರಯೋಗದ ವರದಿ 1983ರಲ್ಲಿ ಬಂತು. ನಾಲ್ಕು, ಐದನೇ ತರಗತಿಗಳಿಗೆ ಸುಮಾರು 250 ಸಚಿತ್ರ ಇಂಗ್ಲಿಷ್ ಕಥೆ ಪುಸ್ತಕಗಳನ್ನು ಕೊಟ್ಟರು. ಕೆಲವು ಕಡೆ ಮೇಷ್ಟ್ರು ಓದಿ ಹೇಳಿ ಮಕ್ಕಳೊಡನೆ ಚರ್ಚಿಸಿದರು, ಕೆಲವು ಕಡೆ ಮಕ್ಕಳು ಸುಮ್ಮನೆ ತಾವೇ ಓದಿಕೊಂಡರು. 8 ತಿಂಗಳಲ್ಲಿ ಓದಿ, ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ವಾಡಿಕೆಗಿಂತ ಇಮ್ಮಡಿ ವೇಗದಲ್ಲಿ ಬೆಳೆಯಿತು. ಎರಡನೇ ವರ್ಷ ಅದರ ಫಲ ಬೇರೆ ಭಾಷಾ ಕೌಶಲಗಳಲ್ಲೂ ಕಾಣಿಸಿತು. ಯಾರೂ ಅವರಿಗೆ ಹೆಚ್ಚಿನ ವ್ಯಾಕರಣ ಹೇಳಿಕೊಟ್ಟಿರಲಿಲ್ಲ.

ಪುಸ್ತಕ ಆರಿಸುವಾಗ ತೆಳುವಾದದ್ದು, ಸುಲಭವಾದದ್ದು ನೋಡಿ. ಕಥೆಯೊಂದನ್ನು ಯಾರ ನೆರವೂ ಇಲ್ಲದೆ ಸಲೀಸಾಗಿ ಓದಬೇಕಾದರೆ ನೂರು ಪದಕ್ಕೆ 98ರಷ್ಟು ಗೊತ್ತಿರಬೇಕು ಎಂದು ಮಾರ್ಸೆಲಾ ಹು ಮತ್ತು ಪಾಲ್ ನೇಷನ್ 2000ದಲ್ಲಿ ತೋರಿಸಿದ್ದಾರೆ. ನಮ್ಮ ಮಕ್ಕಳ ಎಷ್ಟೋ ಪಾಠಗಳಲ್ಲಿ ಸಾಲಿಗೆ ಮೂರು ಹೊಸ ಪದ. ಹಾಗಾಗಿಯೇ ಗೈಡುಗಳ ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ. ಏಳನೇ ತರಗತಿಯವರಿಗೆ ಎರಡನೇ ತರಗತಿಯ ಪುಸ್ತಕ ಕೊಡಲು ಸಂಕೋಚ ಬೇಡ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಒಂದೇ ಕಥೆಯನ್ನು ಮೊದಲು ಕನ್ನಡದಲ್ಲಿ, ಮರುದಿನ ಇಂಗ್ಲಿಷಿನಲ್ಲಿ ಓದಿಸಿ. ಕಥೆ ಗೊತ್ತಿದ್ದರೆ ಅರ್ಧ ಪದಗಳು ಊಹೆಗೇ ಸಿಗುತ್ತವೆ.

ಓದಿದ ಮೇಲೆ ಪ್ರಶ್ನೋತ್ತರ ಬರೆಸಬೇಡಿ. ಹರಿದರೆ ದಂಡ ಎಂದು ಹೆದರಿಸಬೇಡಿ. ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಈಗಾಗಲೇ ಇವೆ, ಬೀರುವಿನೊಳಗೆ ಹೊಸದಾಗಿಯೇ ಉಳಿದಿವೆ. ದಾನಿಗಳಿಗೆ ಉತ್ತರಿಸುವ ಮೊದಲು ನಿಮ್ಮ ಶಾಲೆಯ ಬೀರುವಿನ ಕೀಲಿ ಯಾರ ಹತ್ತಿರ ಇದೆ ಎಂದು ಸ್ವಲ್ಪ ವಿಚಾರಿಸಿ.